ಹೊಗೆಸೊಪ್ಪಿನ ಹೊಲದಲ್ಲಿ ಹೆಂಪ್ ಪ್ರಯೋಗವಾಗಲಿ



ಗಾಂಜಾವನ್ನು ಕಾನೂನುಬದ್ಧಗೊಳಿಸಿದರೆ ಬೊಕ್ಕಸ ತುಂಬುತ್ತದೆ ಎಂಬ ವಾದ ಆಗಾಗ ಕೇಳಿಬರುತ್ತದೆ. 2014ರಲ್ಲಿ ಅಂಗಡಿ ಮಾರಾಟ ಶುರುಮಾಡಿದ ಅಮೆರಿಕದ ಕೊಲೊರಾಡೊಗೆ ತೆರಿಗೆ ಹರಿದುಬಂದದ್ದು ನಿಜ. 2021ರ ನಂತರ ಅದು ಇಳಿದದ್ದೂ ನಿಜ. ಅಮಲಿನ ಆದಾಯ ನಮಗೆ ಬೇಡ, ಅಬಕಾರಿಯದ್ದೇ ಸಾಕಾಗಿದೆ.

ನಾನು ಪಿರಿಯಾಪಟ್ಟಣ ಕಡೆಯ ಹೊಗೆಸೊಪ್ಪು ಬೆಳೆಗಾರರ ಮನೆಯವನು. ಎಲೆ ಹದಮಾಡುವ ಬ್ಯಾರನ್ ಉರಿಯುವ ದಿನಗಳಲ್ಲಿ ಅಪ್ಪ ರಾತ್ರಿ ಎರಡಕ್ಕೆ ಎದ್ದು ಸೌದೆ ತುರುಕಿ ಬರುತ್ತಿದ್ದರು. ಅಂಗಿಯ ಘಾಟು ಒಗೆದರೂ ಹೋಗುತ್ತಿರಲಿಲ್ಲ. ಹರಾಜಿನಲ್ಲಿ ದರ ಬಿದ್ದ ವರ್ಷ ಸೌದೆಯ ಸಾಲವೂ ತೀರುತ್ತಿರಲಿಲ್ಲ. ಪರ್ಯಾಯ ಬೆಳೆಯ ಮಾತನ್ನು ಅಂದಿನಿಂದಲೂ ಕೇಳುತ್ತಲೇ ಇದ್ದೇನೆ.

ಗಾಂಜಾದ್ದೇ ಜಾತಿಯ, ಆದರೆ ಅಮಲಿನಂಶ ತೀರಾ ಕಡಿಮೆಯಿರುವ ಹೆಂಪನ್ನು ಯಾಕೆ ನೋಡಬಾರದು? ನಾರು, ಬೀಜಕ್ಕಾಗಿ ಬೆಳೆಯಲು ಅನುಮತಿ ನೀಡುವ ಅವಕಾಶ 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 14ನೇ ಕಲಮಿನಲ್ಲೇ ಇದೆ. ಉತ್ತರಾಖಂಡ 2018ರಲ್ಲೇ ಪರವಾನಗಿ ಕೊಟ್ಟಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಎಣ್ಣೆಯನ್ನು ಆಹಾರವೆಂದು ಒಪ್ಪಿದೆ. ಪರವಾನಗಿ ಪಡೆದು ಬೆಳೆಯುವುದು ನಮ್ಮ ಹೊಗೆಸೊಪ್ಪಿನ ರೈತರಿಗೆ ಹೊಸದಲ್ಲ. ಬೀಜದ ಎಣ್ಣೆ, ಹಿಟ್ಟಿನ ಪರೀಕ್ಷೆಗೆ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೈಸೂರಿನಲ್ಲೇ ಇದೆಯಲ್ಲ!

ಕೃಷಿ ಇಲಾಖೆ ಮೊದಲು ಹುಣಸೂರು, ಪಿರಿಯಾಪಟ್ಟಣದ ಸರ್ಕಾರಿ ಜಮೀನಿನಲ್ಲಿ ಕಾವಲಿಟ್ಟು ಒಂದೆರಡು ಎಕರೆ ಬೆಳೆಯಲಿ. ಖರ್ಚೆಷ್ಟು, ಇಳುವರಿಯೆಷ್ಟು ಎಂಬ ಲೆಕ್ಕವನ್ನು ಪ್ರಕಟಿಸಲಿ. ಕೊಳ್ಳುವವರು ಯಾರೆಂದು ಖಾತ್ರಿಯಾಗುವ ತನಕ ರೈತರ ಕೈಗೆ ಬೀಜ ಕೊಡುವುದು ಬೇಡ.

– ಓದುಗ, ಕುವೆಂಪುನಗರ, ಮೈಸೂರು