ಹತ್ತು ಲಕ್ಷ ಕೊಟ್ಟರೆ ಬಾಡಿಗೆಯಿಲ್ಲ!

"ಆಪಾ, ತಿಂಗಳ ಬಾಡಿಗೆಯೇ ಇಲ್ಲ. ಮೂರು ವರ್ಷ ಕಳೆದ ಮೇಲೆ ಹತ್ತು ಲಕ್ಷವೂ ವಾಪಸ್. ನಮಗೇನು ನಷ್ಟ?"

ಕೇಳಿದವರು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ. ಆರ್.ಟಿ. ನಗರದಲ್ಲಿ ಲೀಸಿಗೆ ಮನೆ ನೋಡಿದ್ದರು. ಹಣ ಹೊಂದಿಸಲು ಅವರ ಒಡವೆ ಮಾರಬೇಕಿತ್ತು.

ಸಹೋದರಿಯರೇ, ಹೆಬ್ಬಾಳದಿಂದ ಯಲಹಂಕದವರೆಗೆ ಈ ಲೀಸ್ ನಮಗೆಲ್ಲ ಪರಿಚಿತ. ಹಿರಿಯರು ಭೋಗ್ಯ ಎನ್ನುತ್ತಿದ್ದರು. ಸಾಲ ಕೊಟ್ಟು ಅದರಿಂದ ಲಾಭ ಪಡೆದಂತಾಗುತ್ತದೆಂದು ಅನೇಕ ಆಲಿಮರು ಇದನ್ನು ಒಪ್ಪುವುದಿಲ್ಲ. ಅದನ್ನು ಬಲ್ಲವರಲ್ಲಿ ಕೇಳಿಕೊಳ್ಳಿ. ನಾನಿಲ್ಲಿ ಬರೆಯುತ್ತಿರುವುದು ಲೆಕ್ಕ ಮಾತ್ರ.

ಮೂರು ವರ್ಷದ ನಂತರ ಸಿಗುವ ಹತ್ತು ಲಕ್ಷ ಇಂದಿನ ಹತ್ತು ಲಕ್ಷಕ್ಕೆ ಸಮವಲ್ಲ. ಇಂದು ಕೈಯಲ್ಲಿದ್ದರೆ ಆ ಹಣ ಒಂದು ಅಂಗಡಿಯ ಪಾಲಿನಲ್ಲಾದರೂ ದುಡಿಯುತ್ತದೆ. ವರ್ಷಕ್ಕೆ ನೂರಕ್ಕೆ 8 ದುಡಿಯುತ್ತದೆಂದು ಇಟ್ಟುಕೊಳ್ಳೋಣ. ಹಾಗಾದರೆ ಮುಂದೆ ಬರುವ ಹಣವನ್ನು ಪ್ರತಿ ವರ್ಷಕ್ಕೂ 1.08ರಿಂದ ಭಾಗಿಸಿ ಇಂದಿನ ಬೆಲೆಗೆ ಇಳಿಸಬೇಕು. ಬರುವುದರಿಂದ ಕೊಡುವುದನ್ನು ಕಳೆದು ಉಳಿಯುವುದಕ್ಕೆ ವಾಣಿಜ್ಯ ಪುಸ್ತಕಗಳಲ್ಲಿ ನಿವ್ವಳ ಪ್ರಸಕ್ತ ಮೌಲ್ಯ ಎನ್ನುತ್ತಾರೆ. ಹೆಸರಷ್ಟೇ ದೊಡ್ಡದು.

ಮೂರು ವರ್ಷದ ನಂತರದ 10 ಲಕ್ಷದ ಇಂದಿನ ಬೆಲೆ ಸುಮಾರು 7,94,000. ಅಂದರೆ 'ಬಾಡಿಗೆಯಿಲ್ಲದ' ಆ ಮನೆಗೆ ಅವರು ಇಂದೇ 2,06,000 ಕೊಟ್ಟಂತಾಯಿತು. ಅಂಥದೇ ಮನೆಯ ಬಾಡಿಗೆ ತಿಂಗಳಿಗೆ 12,000, ಮುಂಗಡ ಒಂದು ಲಕ್ಷ. ಸುಲಭಕ್ಕೆಂದು ಬಾಡಿಗೆಯನ್ನು ವರ್ಷದ ಕೊನೆಗೆ ಕೊಟ್ಟಂತೆ ಹಿಡಿದು ಇದೇ ರೀತಿ ಇಳಿಸಿದರೆ, ಮುಂಗಡದ ನಷ್ಟವೂ ಸೇರಿ 3,92,000 ಆಗುತ್ತದೆ. ಲೀಸೇ ಅಗ್ಗ! ಆ ತಾಯಿಯ ಮುಖ ಅರಳಿತು.

ಆದರೆ ಅವರು ಕೊಡುವುದು ಒಡವೆಯ ಹಣ. 2022ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 50 ಸಾವಿರವಿತ್ತು. ಆಗ 200 ಗ್ರಾಂ ಮಾರಿ ಲೀಸಿಗೆ ಹಾಕಿದವರು 2025ರಲ್ಲಿ ಹತ್ತು ಲಕ್ಷ ಮರಳಿ ಪಡೆದು ಅಂಗಡಿಗೆ ಹೋದಾಗ ಹತ್ತು ಗ್ರಾಂ ಒಂದು ಲಕ್ಷ ದಾಟಿತ್ತು. ನೂರು ಗ್ರಾಮೂ ಬರಲಿಲ್ಲ, ಕೂಲಿ ಬೇರೆ. ಚಿನ್ನ ಯಾವಾಗಲೂ ಹೀಗೆ ಏರುತ್ತದೆಂದಲ್ಲ. ಕೈಬಿಡುತ್ತಿರುವುದು ಯಾವ ಹಣವೋ ಅದರ ಅಳತೆಯಲ್ಲೇ ಲೆಕ್ಕ ಹಾಕಬೇಕು ಎಂದಷ್ಟೇ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಮುಂಗಡಕ್ಕಿಂತ ಹೆಚ್ಚಾಗಿ ಕೊಡುವ ಒಂಬತ್ತು ಲಕ್ಷಕ್ಕಾಗಿ ಮಾಲೀಕರು ವರ್ಷಕ್ಕೆ 1,44,000 ಬಾಡಿಗೆ ಬಿಡುತ್ತಿದ್ದಾರೆ. ನೂರಕ್ಕೆ 16 ಆಯಿತು. ಮನೆಪತ್ರ ಇಟ್ಟರೆ ಬ್ಯಾಂಕು ಅದಕ್ಕಿಂತ ಕಡಿಮೆಗೆ ಸಾಲ ಕೊಡುವುದಿಲ್ಲವೇ? ಮತ್ತೇಕೆ ನಮ್ಮ ಬಳಿ ಬಂದರು? ಪತ್ರ ಈಗಾಗಲೇ ಬ್ಯಾಂಕಿನಲ್ಲಿರಬಹುದೇ? ಕಂತು ತಪ್ಪಿದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಅರವತ್ತು ದಿನದ ನೋಟಿಸ್ ಕೊಟ್ಟು ಮನೆಯನ್ನು ವಶಕ್ಕೆ ಪಡೆಯಲು ಮುಂದಾಗಬಹುದು. ಹತ್ತರಲ್ಲಿ 2,35,000 ಮುಳುಗಿದರೂ ಸಾಕು, ಮೇಲೆ ಕಂಡ ಲಾಭವೆಲ್ಲ ಹೋಯಿತು. 2019ರ ಜೂನ್‌ನಲ್ಲಿ ಐ.ಎಂ.ಎ. ಕುಸಿದಾಗ ಶಿವಾಜಿನಗರದ ಕಚೇರಿಯೆದುರು ಕಂಗಾಲಾಗಿ ನಿಂತಿದ್ದ ಹೆಂಗಸರು ನಿಮಗೆ ನೆನಪಿರಬೇಕು. ಅಲ್ಲಿಯೂ ಎಷ್ಟು ಸಿಗುತ್ತದೆ ಎಂದು ಕೇಳಿದವರೇ ಹೆಚ್ಚು. ಅಷ್ಟೊಂದು ಏಕೆ ಕೊಡುತ್ತಾರೆ ಎಂದು ಕೇಳಿದವರು ಕಡಿಮೆ.

ಒಂದು ವರ್ಷ ಮೀರಿದ ಲೀಸನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬರೀ ಸ್ಟಾಂಪ್ ಪೇಪರ್ ಸಾಲದು. ಇ.ಸಿ. ತೆಗೆಸಿ. ಆದರೆ ಎಲ್ಲ ಸಾಲವೂ ಅದರಲ್ಲಿ ಕಾಣದಿರಬಹುದು. ಹಾಗಾಗಿ ಮೂಲಪತ್ರವನ್ನು, ಜೆರಾಕ್ಸ್ ಅಲ್ಲ, ಕಣ್ಣಾರೆ ನೋಡಿ.

ಆ ತಾಯಿ ಹೋಗಿ ಮೂಲಪತ್ರ ಕೇಳಿದರಂತೆ. ಊರಲ್ಲಿ ಅಣ್ಣನ ಬಳಿ ಇದೆ, ಮುಂದಿನ ವಾರ ತರಿಸುತ್ತೇನೆ ಎಂದರಂತೆ ಮಾಲೀಕರು. ಇದಾಗಿ ಮೂರು ವಾರವಾಯಿತು. ಒಡವೆ ಇನ್ನೂ ಬೀರುವಿನಲ್ಲೇ ಇದೆ.