ನೆಲೆ ಮಾರಿದವರೂ ನೆಲೆ ಕಟ್ಟಿದವರೂ

ಕಾಲ್ಚೆಂಡಿನಾಟದ ಅಭಿಮಾನಿಗಳಿಗೆ ತಮ್ಮ ಕ್ಲಬ್ಬಿನ ಇತಿಹಾಸದಲ್ಲಿ ಅತ್ಯಂತ ಕೆಟ್ಟ ತೀರ್ಮಾನ ಯಾವುದೆಂಬ ವಾದವು ಎಂದಿಗೂ ಹಳೆಯದಾಗದು. ಬಹುತೇಕ ಊರುಗಳಲ್ಲಿ ಆ ವಾದವು ಒಳ್ಳೆಯ ಆಟಗಾರನನ್ನು ಮಾರಿದುದು, ಯೋಗ್ಯನಾದ ಶಿಕ್ಷಕನನ್ನು ಹೊರಗೆ ಹಾಕಿದುದು ಇವುಗಳ ಸುತ್ತಲೇ ತಿರುಗುತ್ತದೆ. ಇವು ನೋವಿನ ಸಂಗತಿಗಳೇ. ಆದರೆ ಮುಂದಿನ ವರ್ಷದ ಗೆಲುವಿನಿಂದ ಮರೆಯಬಹುದಾದವು. ಟೆನಿಸ್ ಆಟದಿಂದ ನಮ್ಮವರಿಗೆಲ್ಲ ಪರಿಚಿತವಾದ, ಲಂಡನ್ ನಗರದ ವಿಂಬಲ್ಡನ್ ಎಂಬ ಭಾಗದವರಿಗೆ ಆ ಸಮಾಧಾನವೂ ದೊರೆಯಲಿಲ್ಲ. ಅವರ ಕಾಲ್ಚೆಂಡಿನ ಕ್ಲಬ್ಬನ್ನು ಅದರ ಒಡೆಯರು ಊರಿನಿಂದಲೇ ಕಿತ್ತು, ಐವತ್ತು ಮೈಲಿಗೂ ದೂರದ ಮತ್ತೊಂದು ಪಟ್ಟಣಕ್ಕೆ ಒಯ್ದರು. ಈ ಅನರ್ಥಕ್ಕೆ ಮೂಲವಾದ ತೀರ್ಮಾನ ಯಾವುದು ಎಂಬುದು ಆಟವನ್ನು ಅರಿಯದವರೂ ವಿಚಾರಿಸತಕ್ಕ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ.

ಈ ಕ್ಲಬ್ಬು ಶ್ರೀಮಂತರ ಕೊಡುಗೆಯಲ್ಲ. 1889ರಲ್ಲಿ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು ಅದನ್ನು ಕಟ್ಟಿದರು. 1912ರಿಂದ ಪ್ಲೌ ಲೇನ್ ಎಂಬ ಬೀದಿಯ ಮೈದಾನವೇ ಅದರ ಮನೆಯಾಯಿತು. ದಶಕಗಳ ಕಾಲ ಕೆಳಗಿನ ಪಂಕ್ತಿಗಳಲ್ಲಿ ಆಡಿದ ಕ್ಲಬ್ಬು 1977ರಲ್ಲಿ ಫುಟ್‌ಬಾಲ್ ಲೀಗನ್ನು ಸೇರಿತು. ಒಂಬತ್ತೇ ವರ್ಷಗಳಲ್ಲಿ, ಎಂದರೆ 1986ರಲ್ಲಿ, ಮೊದಲನೆಯ ದರ್ಜೆಗೆ ಏರಿತು. 1988ರ ಮೇ 14ರಂದು ವೆಂಬ್ಲಿಯಲ್ಲಿ ಬಲಿಷ್ಠವಾದ ಲಿವರ್‌ಪೂಲ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಎಫ್.ಎ. ಕಪ್ಪನ್ನೇ ಗೆದ್ದುಕೊಂಡಿತು. ಲಾರಿ ಸಾಂಚೆಜ್ ಹೊಡೆದ ಆ ಗೋಲನ್ನೂ, ನಾಯಕ ಡೇವ್ ಬೀಸಂಟ್ ತಡೆದ ಪೆನಾಲ್ಟಿಯನ್ನೂ ಆ ಊರಿನವರು ಇಂದಿಗೂ ಮರೆತಿಲ್ಲ.

ಅವನತಿಯ ಬೀಜವು ಬಿದ್ದುದು ಈ ಕೀರ್ತಿಯ ಕಾಲದಲ್ಲಿಯೇ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿನಲ್ಲಿ 97 ಜನರು ಪ್ರಾಣ ಕಳೆದುಕೊಳ್ಳುವಂತಾಯಿತು. ಆ ಬಗ್ಗೆ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರರು 1990ರ ವರದಿಯಲ್ಲಿ, ದೊಡ್ಡ ಮೈದಾನಗಳಲ್ಲಿ ಪ್ರೇಕ್ಷಕರೆಲ್ಲರಿಗೂ ಆಸನವಿರಬೇಕೆಂದು ಹೇಳಿದರು. ಸಲಹೆಯು ಸರ್ವಥಾ ಯುಕ್ತವಾದುದು. ಆದರೆ ಪ್ಲೌ ಲೇನ್ ಮೈದಾನವನ್ನು ಅದಕ್ಕೆ ತಕ್ಕಂತೆ ತಿದ್ದುವುದು ಅಸಾಧ್ಯವೆಂದು ಬಗೆದ ಕ್ಲಬ್ಬಿನ ಒಡೆಯ ಸ್ಯಾಮ್ ಹಮ್ಮಾಮರು, 1991ರಲ್ಲಿ ತಂಡವನ್ನು ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಸೆಲ್‌ಹರ್ಸ್ಟ್ ಪಾರ್ಕಿಗೆ ಒಯ್ದರು. ಇದು ತಾತ್ಕಾಲಿಕ ಏರ್ಪಾಡೆಂದು ಜನರಿಗೆ ಹೇಳಲಾಯಿತು. ಆ ತಾತ್ಕಾಲಿಕವು ಹನ್ನೆರಡು ವರ್ಷ ಬಾಳಿತು!

ಮುಂದಿನದೆಲ್ಲ ಇಳಿಜಾರಿನ ಬಂಡಿ. 1997ರಲ್ಲಿ ಕ್ಲಬ್ಬಿನ ಹೆಚ್ಚಿನ ಪಾಲು ನಾರ್ವೆ ದೇಶದ ಇಬ್ಬರು ಧನಿಕರ ಕೈಸೇರಿತು. ಮರುವರ್ಷ ಪ್ಲೌ ಲೇನ್ ಮೈದಾನವು ಸೇಫ್‌ವೇ ಎಂಬ ಅಂಗಡಿಗಳ ಕಂಪನಿಗೆ ಮಾರಾಟವಾಯಿತು. 2000ದ ಮೇ 14ರಂದು, ಕಪ್ಪು ಗೆದ್ದ ಹನ್ನೆರಡನೆಯ ವಾರ್ಷಿಕ ದಿನದಂದೇ, ತಂಡವು ಮೇಲಿನ ದರ್ಜೆಯಿಂದ ಕೆಳಗಿಳಿಯಿತು. 2001ರ ಆಗಸ್ಟಿನಲ್ಲಿ ಅಧ್ಯಕ್ಷ ಚಾರ್ಲ್ಸ್ ಕೊಪ್ಪೆಲರು ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಸಾಗಿಸುವ ಇಚ್ಛೆಯನ್ನು ಪ್ರಕಟಿಸಿದರು. ಲೀಗು ಒಪ್ಪಲಿಲ್ಲ. ವ್ಯಾಜ್ಯವು ಪಂಚಾಯಿತಿಗೆ ಹೋಗಿ, ಕೊನೆಗೆ ಫುಟ್‌ಬಾಲ್ ಅಸೋಸಿಯೇಷನ್ನಿನವರು ನೇಮಿಸಿದ ಮೂವರ ಆಯೋಗದ ಮುಂದೆ ಬಂದಿತು. 2002ರ ಮೇ 28ರಂದು ಇಬ್ಬರು ಪರವಾಗಿಯೂ ಒಬ್ಬರು ವಿರೋಧವಾಗಿಯೂ ಮತವಿತ್ತು, ಸ್ಥಳಾಂತರಕ್ಕೆ ಅನುಮತಿ ದೊರೆಯಿತು. ಊರಿನ ಅಭಿಮಾನಿಗಳು ಬುಡದಿಂದ ಹೊಸ ಕ್ಲಬ್ಬನ್ನು ಕಟ್ಟಿಕೊಳ್ಳುವುದು ಆಟದ ವಿಶಾಲ ಹಿತಕ್ಕೆ ಒಪ್ಪುವಂಥದಲ್ಲವೆಂಬ ಅಭಿಪ್ರಾಯವೂ ಆ ತೀರ್ಪಿನೊಳಗೆ ಸೇರಿತ್ತು.

ಒಡೆಯರ ಪಕ್ಷದಲ್ಲಿ ಹೇಳಬೇಕಾದ ಮಾತೇ ಇಲ್ಲವೆಂದು ನಾವು ಹೇಳುವುದಿಲ್ಲ. ಕ್ಲಬ್ಬು ನಷ್ಟದಲ್ಲಿ ನಡೆಯುತ್ತಿದ್ದಿತು. ಸ್ವಂತ ಮೈದಾನವಿಲ್ಲದೆ ಆದಾಯವು ಏರುವಂತಿರಲಿಲ್ಲ. ಮಿಲ್ಟನ್ ಕೀನ್ಸ್ ಬೆಳೆಯುತ್ತಿದ್ದ ದೊಡ್ಡ ಪಟ್ಟಣವಾಗಿದ್ದು, ಅಲ್ಲಿ ಲೀಗಿನ ತಂಡವಿರಲಿಲ್ಲ. ಆದರೆ ಸ್ವಂತ ಮೈದಾನವಿಲ್ಲದಂತೆ ಮಾಡಿದವರು ಯಾರು? ಮನೆಯನ್ನು ಮಾರಿದ ಯಜಮಾನನು ಮಕ್ಕಳಿಗೆ ನೆರಳಿಲ್ಲವೆಂಬ ಕಾರಣ ಹೇಳಿ ಅವರನ್ನು ದತ್ತು ಕೊಟ್ಟರೆ, ಆ ಕಾರಣವನ್ನು ಯಾವ ನ್ಯಾಯವಂತನು ಒಪ್ಪಿಯಾನು?

ಆದುದರಿಂದ ಅಭಿಮಾನಿಗಳು ಸಾಮಾನ್ಯವಾಗಿ 2002ರ ತೀರ್ಪನ್ನೇ ಅತ್ಯಂತ ಕೆಟ್ಟದೆಂದು ಎಣಿಸಿದರೂ, ನಮಗೆ 1991ರ ತೀರ್ಮಾನವೇ ಹೆಚ್ಚು ಘಾತುಕವಾದುದಾಗಿ ತೋರುತ್ತದೆ. 2002ರದು ಬಹಿರಂಗವಾದ ಅನ್ಯಾಯ. ಅದನ್ನು ಎದುರಿಸಲು ಜನರು ಬೀದಿಗಿಳಿದರು. 1991ರದು ಸೌಕರ್ಯದ ಮಾತಿನಲ್ಲಿ ಬಂದಿತು. ಹೊಸ ಮೈದಾನದ ಜಾಗವಾಗಲಿ, ಹಣವಾಗಲಿ, ಹಿಂತಿರುಗುವ ದಿನವಾಗಲಿ ಗೊತ್ತಿಲ್ಲದೆಯೇ ನೆಲೆಯನ್ನು ತೊರೆದರು. ನೆಲವು ಕೈಬಿಟ್ಟ ಬಳಿಕ ಕ್ಲಬ್ಬೆಂಬುದು ಕಾಗದದ ಮೇಲಿನ ಹಕ್ಕಾಗಿ ಉಳಿಯಿತು; ಕಾಗದವನ್ನು ಎಲ್ಲಿಗಾದರೂ ಒಯ್ಯಬಹುದು.

ತೀರ್ಪು ಬಂದ ಮೇಲೆ ಅಭಿಮಾನಿಗಳು ಗೋಳಾಡುತ್ತ ಕೂಡಲಿಲ್ಲ. ಕೆಲವೇ ದಿನಗಳಲ್ಲಿ ಸಭೆ ಸೇರಿ ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ಕ್ಲಬ್ಬನ್ನು ಸ್ಥಾಪಿಸಿದರು. 2002ರ ಜೂನಿನಲ್ಲಿ ಊರಿನ ಸಾರ್ವಜನಿಕ ಬಯಲಿನಲ್ಲಿ ಆಟಗಾರರ ಪರೀಕ್ಷೆ ನಡೆಯಿತು. ಎರಡು ನೂರಕ್ಕೂ ಮಿಕ್ಕಿ ಜನರು ಬಂದರು. ಒಂಬತ್ತನೆಯ ದರ್ಜೆಯಲ್ಲಿ ಆಡತೊಡಗಿದ ಈ ತಂಡಕ್ಕೆ ಸರಾಸರಿ ಮೂರು ಸಾವಿರ ಪ್ರೇಕ್ಷಕರು ಸೇರುತ್ತಿದ್ದರೆ, ಅದೇ 2002ರ ಅಕ್ಟೋಬರಿನಲ್ಲಿ ಹಳೆಯ ಕ್ಲಬ್ಬಿನ ಪಂದ್ಯವೊಂದಕ್ಕೆ ಬಂದವರು ಕೇವಲ 849. ಕ್ಲಬ್ಬೆಂದರೆ ಯಾರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಜನಮತವು ಬೇಕೇ? ಹಳೆಯ ಕ್ಲಬ್ಬು 2003ರಲ್ಲಿ ದಿವಾಳಿಯ ಆಡಳಿತಕ್ಕೆ ಒಳಪಟ್ಟು, ಅದೇ ವರ್ಷ ಮಿಲ್ಟನ್ ಕೀನ್ಸಿಗೆ ಹೋಗಿ, 2004ರಲ್ಲಿ ಹೆಸರನ್ನೂ ಬದಲಿಸಿಕೊಂಡಿತು. ಹೊಸ ಕ್ಲಬ್ಬು ಒಂಬತ್ತು ವರ್ಷಗಳಲ್ಲಿ ಐದು ಬಾರಿ ಬಡ್ತಿ ಪಡೆದು 2011ರಲ್ಲಿ ಲೀಗನ್ನು ಸೇರಿತು. 2020ರ ನವೆಂಬರಿನಲ್ಲಿ, ಹಳೆಯ ಮೈದಾನಕ್ಕೆ ಕೂಗಳತೆಯಲ್ಲಿಯೇ, ಪ್ಲೌ ಲೇನಿನಲ್ಲಿ ತಾನೇ ಕಟ್ಟಿದ ಮನೆಗೆ ಮರಳಿತು. ಕಟ್ಟಡದ ಹಣಕ್ಕೆ ಕೊರತೆ ಬಿದ್ದಾಗ ಅಭಿಮಾನಿಗಳು ಮತ್ತು ಹಿತೈಷಿಗಳು ಸಾಲಪತ್ರಗಳನ್ನು ಕೊಂಡು 50 ಲಕ್ಷ ಪೌಂಡಿಗೂ ಹೆಚ್ಚು ಕೂಡಿಸಿಕೊಟ್ಟರು. ಕ್ಲಬ್ಬಿನ ಹಿಡಿತವು ಇಂದಿಗೂ ಅಭಿಮಾನಿಗಳ ಟ್ರಸ್ಟಿನ ಕೈಯಲ್ಲಿದೆ. ಅಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ.

ಇಷ್ಟಾದರೂ ಇವರನ್ನು ನಿರ್ದೋಷಿಗಳೆಂದು ಹೊಗಳಿ ಮುಗಿಸುವುದು ನ್ಯಾಯವಲ್ಲ. ಹೊಸ ಮನೆಯ ವೆಚ್ಚಕ್ಕಾಗಿ ಇವರು ತಮ್ಮ ಕೈಯಲ್ಲಿದ್ದ ಕಿಂಗ್ಸ್‌ಮೆಡೊ ಮೈದಾನವನ್ನು ಚೆಲ್ಸಿ ಕ್ಲಬ್ಬಿಗೆ ಮಾರಿದರು. ಅದು ಮೂಲತಃ ಕಿಂಗ್‌ಸ್ಟೋನಿಯನ್ ಎಂಬ ಸಣ್ಣ ಕ್ಲಬ್ಬಿನ ಮೈದಾನ. ಬಾಡಿಗೆಗೆ ಅಲ್ಲಿಯೇ ಉಳಿದಿದ್ದ ಆ ಕ್ಲಬ್ಬು 2017ರಲ್ಲಿ ನೆಲೆ ತಪ್ಪಿ ಹೊರಡಬೇಕಾಯಿತು. ನೆಲೆ ಕಳೆದುಕೊಂಡ ನೋವನ್ನು ತಿಳಿದವರಿಂದಲೇ ಇನ್ನೊಬ್ಬರ ನೆಲೆ ಹೋಯಿತೆಂಬುದು ಶೋಚನೀಯ. ಅಂತೆಯೇ ಮಿಲ್ಟನ್ ಕೀನ್ಸಿನ ಸಾಮಾನ್ಯ ಪ್ರೇಕ್ಷಕರ ಮೇಲೆ ದ್ವೇಷ ಸಾಧಿಸುವುದೂ ಸಲ್ಲದು. ತೀರ್ಮಾನವನ್ನು ಮಾಡಿದವರು ಅವರಲ್ಲ.

ಬ್ರಿಟನ್ನಿನ ಪಾರ್ಲಿಮೆಂಟು 2025ರಲ್ಲಿ ಫುಟ್‌ಬಾಲ್ ಆಡಳಿತದ ಕಾಯಿದೆಯನ್ನು ಮಾಡಿ, ಮೈದಾನದ ಮಾರಾಟಕ್ಕೂ ಸ್ಥಳಾಂತರಕ್ಕೂ ಸ್ವತಂತ್ರ ನಿಯಂತ್ರಕರ ಒಪ್ಪಿಗೆ ಬೇಕೆಂದು ವಿಧಿಸಿದೆ. ಮೂವತ್ತು ವರ್ಷ ತಡವಾದರೂ ಇದು ಸ್ವಾಗತಾರ್ಹ. ಆದರೆ ಕಾಯಿದೆಯು ಕಾವಲುಗಾರನಷ್ಟೆ, ಎಚ್ಚರವಾಗಿರಬೇಕಾದವರು ಮನೆಯವರು. ವಾಚನಾಲಯವಾಗಲಿ, ವ್ಯಾಯಾಮಶಾಲೆಯಾಗಲಿ, ಆಟದ ಬಯಲಾಗಲಿ, ಊರಿನ ಜನರು ಕೂಡಿ ಕಟ್ಟಿದ ಯಾವುದೇ ಸಂಸ್ಥೆಯನ್ನು ತಾತ್ಕಾಲಿಕವಾಗಿ ಎತ್ತಂಗಡಿ ಮಾಡುವ ಮಾತು ಬಂದಾಗ, ಸದಸ್ಯರು ಮೊದಲು ಕೇಳಬೇಕಾದುದು ಒಂದೇ ಪ್ರಶ್ನೆ: ಮರಳುವ ದಿನ ಯಾವುದು, ಅದಕ್ಕೆ ಹೊಣೆ ಯಾರು? ಬರವಣಿಗೆಯಲ್ಲಿ ಉತ್ತರ ದೊರೆಯುವ ತನಕ ಹಳೆಯ ಬೀಗದ ಕೈಯನ್ನು ಯಾರಿಗೂ ಒಪ್ಪಿಸತಕ್ಕದ್ದಲ್ಲ.