ಕಡಲ ನೀರಿನ ಬಿಲ್ಲು ಯಾರ ಹೆಸರಿಗೆ?

ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಮುಟ್ಟಿದಾಗಲೆಲ್ಲ ಉಡುಪಿಯಲ್ಲಿ ಒಂದು ಬೇಡಿಕೆ ತಪ್ಪದೆ ತಲೆಯೆತ್ತುತ್ತದೆ: ಮಲ್ಪೆಯ ಆಚೆಗೆ ಕಡಲಿಗೆ ಕಡಲೇ ಬಿದ್ದಿರುವಾಗ ಅದರ ನೀರನ್ನೇ ಸಿಹಿಯಾಗಿಸಿ ಮನೆಮನೆಗೆ ಏಕೆ ಹಾಯಿಸಬಾರದು? 2019ರ ಮೇ ತಿಂಗಳಲ್ಲಿ ನದಿಯ ಗುಂಡಿಗಳಲ್ಲಿ ಉಳಿದಿದ್ದ ನೀರನ್ನು ಪಂಪು ಹಚ್ಚಿ ಅಣೆಕಟ್ಟಿನತ್ತ ಎತ್ತಿ, ವಾರ್ಡುಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಗಿ ಬಂದ ನಗರದಲ್ಲಿ ಈ ಪ್ರಶ್ನೆ ಸಹಜವೇ ಆಗಿದೆ. ಆದರೆ ಅದಕ್ಕೆ ಸೌರ ಮತ್ತು ಪವನ ವಿದ್ಯುತ್ತಿನ ಹೆಸರು ಜೋಡಣೆಯಾದ ಮೇಲೆ, ಪ್ರಶ್ನೆ ಕೇಳುವವರೇ ಪ್ರಗತಿಯ ವಿರೋಧಿಗಳು ಎಂಬ ವಾತಾವರಣ ಹುಟ್ಟಿಕೊಂಡಿದೆ. ಈ ತಂತ್ರಜ್ಞಾನಕ್ಕೆ ಕರಾವಳಿಯಲ್ಲಿ ಸ್ಥಾನವಿದೆ. ಆದರೆ ಆ ಸ್ಥಾನ ಉಡುಪಿ, ಮಣಿಪಾಲದ ಮನೆಗಳ ನಲ್ಲಿಯಲ್ಲ, ಮಲ್ಪೆಯ ಮೀನುಗಾರಿಕೆ ಧಕ್ಕೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕಾಗಿದೆ.

ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರನ್ನು ಇಂದು ಹೆಚ್ಚಾಗಿ ಹಿಮ್ಮುಖ ಪರಾಸರಣದಿಂದ, ಅಂದರೆ ಮನೆಗಳಲ್ಲಿ ಆರ್‌ಒ ಎಂದು ಕರೆಯುವ ವಿಧಾನದಿಂದಲೇ, ಸಿಹಿಗೊಳಿಸಲಾಗುತ್ತದೆ. ವಾತಾವರಣದ ಒತ್ತಡಕ್ಕಿಂತ 55ರಿಂದ 70 ಪಟ್ಟು ಹೆಚ್ಚಿನ ಒತ್ತಡದಲ್ಲಿ ನೀರನ್ನು ತೆಳು ಪೊರೆಯ ಮೂಲಕ ತೂರಿಸಿದಾಗ ಉಪ್ಪು ಹಿಂದುಳಿಯುತ್ತದೆ. ಈ ಒತ್ತಡಕ್ಕಾಗಿ ಸಾವಿರ ಲೀಟರ್ ಸಿಹಿನೀರಿಗೆ 3ರಿಂದ 4 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ದಿನಕ್ಕೆ 1 ಕೋಟಿ ಲೀಟರ್ ಬೇಕೆಂದರೆ 40,000 ಯೂನಿಟ್ ಹಿಡಿಯಬೇಕು. ಒಂದು ಮೆಗಾವಾಟ್ ಸೌರಫಲಕಗಳು ದಿನಕ್ಕೆ 4,000 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಕೊಡುವುದರಿಂದ ಸುಮಾರು 10 ಮೆಗಾವಾಟ್, ಅದಕ್ಕೆ 40 ಎಕರೆಯಷ್ಟು ಜಾಗ ಬೇಕಾಗುತ್ತದೆ.

ವಿದ್ಯುತ್ತಿನ ಈ ಪ್ರಮಾಣ ಹೆದರಿಸುವಂಥದ್ದಲ್ಲ, ಹೆದರಿಸಬೇಕಾದದ್ದು ಕಾಲಮಾನ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಸುರಿಯುವ, ಸಾವಿರ ಚದರಡಿಯ ಒಂದು ತಾರಸಿಯ ಮೇಲೆಯೇ 3.5 ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುವ ಊರಿನಲ್ಲಿ ಕೊರತೆ ಕಾಡುವುದು ಮಾರ್ಚ್‌ನಿಂದ ಮುಂಗಾರು ಹಿಡಿಯುವವರೆಗೆ ಮಾತ್ರ. ಹೀಗಿರುವಾಗ ನೂರಾರು ಕೋಟಿಯ ಸ್ಥಾವರವೊಂದು ವರ್ಷದ ಒಂಬತ್ತು ತಿಂಗಳು ಸುಮ್ಮನೆ ಕೂತಿರುತ್ತದೆ, ಅಥವಾ ಹೂಡಿದ ಹಣ ಹುಟ್ಟಬೇಕೆಂದು ನದಿ ತುಂಬಿ ಹರಿಯುವಾಗಲೂ ದುಬಾರಿ ನೀರನ್ನು ನಗರಸಭೆಯ ತಲೆಗೆ ಕಟ್ಟುತ್ತದೆ. ಪೊರೆಗಳನ್ನು ಬೇಕಾದಾಗ ತೆಗೆದು ಬೇಡವಾದಾಗ ಮುಚ್ಚಿಡುವಂತಿಲ್ಲ; ನಿಲ್ಲಿಸಿದರೆ ತೊಳೆದು, ರಾಸಾಯನಿಕದಲ್ಲಿ ನೆನೆಸಿ ಕಾಪಾಡಬೇಕಾಗುತ್ತದೆ. ಇದರ ಬದಲು ಮಳೆನೀರನ್ನೇ ಹಿಡಿದಿಡಬಹುದು. ಮುರಕಲ್ಲಿನ ನೆಲದಲ್ಲಿ ಇಂಗಿದ ಮಳೆನೀರು ಬೇಸಿಗೆಯವರೆಗೆ ನಿಲ್ಲದೆ ಸೋರಿಹೋಗುತ್ತದೆ ಎಂಬ ಆಕ್ಷೇಪ ನಿಜವೇ. ಅದಕ್ಕೆಂದೇ ತುಳುನಾಡಿನ ರೈತರು ಮಳೆಗಾಲ ಮುಗಿಯುತ್ತಲೇ ತೋಡುಗಳಿಗೆ ಕಟ್ಟ ಹಾಕುತ್ತಿದ್ದರು, ಗುಡ್ಡದ ಮೇಲೆ ಮದಕಗಳನ್ನು ಉಳಿಸಿಕೊಂಡಿದ್ದರು. ಹಲಗೆ ಇಳಿಸಿ ಸಿಹಿನೀರನ್ನು ಹಿಡಿದು, ಭರತದ ಉಪ್ಪುನೀರು ಮೇಲೇರದಂತೆ ತಡೆಯುವ ಕಿಂಡಿ ಅಣೆಕಟ್ಟುಗಳೂ ಇದೇ ಕೆಲಸಕ್ಕೆ ಹುಟ್ಟಿದವು. ಇರುವ ಕಿಂಡಿಗಳಿಗೆ ಸಕಾಲದಲ್ಲಿ ಹಲಗೆ ಹಾಕಿಸಲಾಗದ ಆಡಳಿತ ಕಡಲನ್ನು ಸೋಸುವ ಮಾತಾಡುವುದು ವಿಚಿತ್ರ.

ಇನ್ನು ‘ಹಸಿರು ನೀರು’ ಎಂಬ ಹಣೆಪಟ್ಟಿಯ ವಿಚಾರ. ಸೂರ್ಯ ಮುಳುಗಿದ ಮೇಲೆ ಸ್ಥಾವರ ನಡೆಯುವುದು ಜಾಲದ ವಿದ್ಯುತ್ತಿನಿಂದ. 2,050 ಮೆಗಾವಾಟ್‌ನ ಪಾವಗಡ ಸೌರ ಪಾರ್ಕಿನಿಂದ ವಿದ್ಯುತ್ ಖರೀದಿಸಿದೆವೆಂದು ಕಾಗದದಲ್ಲಿ ತೋರಿಸಿದರೂ ರಾತ್ರಿ ಪಂಪು ತಿರುಗಿಸುವುದರಲ್ಲಿ ಕಾಪು ತಾಲೂಕಿನ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದಲ್ಲಿ ಉರಿಯುವ ಆಮದು ಕಲ್ಲಿದ್ದಲಿನ ಪಾಲೂ ಇದ್ದೀತು. ಲಕ್ಷದ್ವೀಪವನ್ನು ಉದಾಹರಿಸುವವರೂ ಇದ್ದಾರೆ. 2005ರಲ್ಲಿ ಕವರತ್ತಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಸ್ಥಾಪಿಸಿದ, ದಿನಕ್ಕೆ 1 ಲಕ್ಷ ಲೀಟರ್ ಸಾಮರ್ಥ್ಯದ ಘಟಕ ಕಡಲ ಮೇಲ್ಮೈಯ ಬಿಸಿ ನೀರಿಗೂ ಸುಮಾರು 350 ಮೀಟರ್ ಆಳದ ತಣ್ಣೀರಿಗೂ ಇರುವ ಉಷ್ಣತೆಯ ವ್ಯತ್ಯಾಸವನ್ನೇ ಬಳಸಿಕೊಳ್ಳುತ್ತದೆ. ಆ ಹವಳದ ದ್ವೀಪಗಳ ಅಂಚಿನಲ್ಲೇ ಸಿಗುವ ಆಳ ಮಲ್ಪೆಯಿಂದ ಹತ್ತಾರು ಕಿಲೋಮೀಟರ್ ದೂರ ಹೋದರೂ ಸಿಗದು.

ಇದೇ ಲೆಕ್ಕವನ್ನು ಧಕ್ಕೆಗೆ ಅನ್ವಯಿಸಿದಾಗ ಚಿತ್ರ ಬದಲಾಗುತ್ತದೆ. ಮಲ್ಪೆಯ ಆಳಸಮುದ್ರ ಬೋಟುಗಳು ಹತ್ತು ದಿನಗಳಷ್ಟು ಕಾಲ ಕಡಲಲ್ಲಿರುವುದರಿಂದ, ಹೊರಡುವ ಮೊದಲು ಬೋಟಿನ ಒಡಲಿಗೆ ಪುಡಿಮಾಡಿದ ಮಂಜುಗಡ್ಡೆಯನ್ನು ಟನ್‌ಗಟ್ಟಲೆ ತುಂಬಿಕೊಳ್ಳುತ್ತವೆ; ಹಿಂದಿರುಗಿದ ಮೇಲೆ ಬಂಗುಡೆ, ಬೂತಾಯಿಗಳನ್ನು ಪೆಟ್ಟಿಗೆಗೆ ತುಂಬಿ ಲಾರಿಗೇರಿಸುವಾಗ ಮತ್ತೆ ಐಸ್ ಬೇಕು, ಧಕ್ಕೆ ತೊಳೆಯಲು ನೀರು ಬೇಕು. ಈ ಐಸ್ ಪ್ಲಾಂಟುಗಳು ನೆಚ್ಚಿರುವುದು ಬಾವಿ ಮತ್ತು ಟ್ಯಾಂಕರ್ ನೀರನ್ನು, ಅಂದರೆ ಕರಾವಳಿ ಪಟ್ಟಿಯ ಮನೆಗಳು ಕುಡಿಯುವ ಅದೇ ಅಂತರ್ಜಲವನ್ನು. ಅದನ್ನು ಎತ್ತಿದಷ್ಟೂ ಕಡಲ ಉಪ್ಪು ಬಾವಿಗಳತ್ತ ಸರಿಯುತ್ತದೆ. ಒಂದು ಟನ್ ನೀರನ್ನು ಗಡ್ಡೆ ಕಟ್ಟಿಸಲು 50ರಿಂದ 70 ಯೂನಿಟ್ ವಿದ್ಯುತ್ ತಗಲುವಾಗ, ಆ ನೀರನ್ನು ಕಡಲಿನಿಂದ ಸಿಹಿ ಮಾಡಲು ತಗಲುವ 4 ಯೂನಿಟ್ ಉತ್ಪಾದಕರನ್ನು ಮುಳುಗಿಸುವ ಹೊರೆಯೇನಲ್ಲ. ಋತುಮಾನವೂ ಇಲ್ಲಿ ಅನುಕೂಲವಾಗಿ ಕೂಡಿಬರುತ್ತದೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧವಿದ್ದು, ಸೂರ್ಯ ಮೋಡದಲ್ಲಿ ಮರೆಯಾಗುವ ಆ ದಿನಗಳಲ್ಲೇ ಐಸಿನ ಬೇಡಿಕೆಯೂ ಇಳಿಯುತ್ತದೆ, ಪೊರೆಗಳ ದುರಸ್ತಿಗೂ ಬಿಡುವು ಸಿಗುತ್ತದೆ. ಬಿಸಿಲಿದ್ದಾಗ ಮಾತ್ರ ಓಡಿಸುವ ಘಟಕದ ಗಾತ್ರ ದೊಡ್ಡದಾಗಬೇಕು, ಹೂಡಿಕೆ ಹೆಚ್ಚುತ್ತದೆ ಎಂಬುದು ಒಪ್ಪಬೇಕಾದ ಮಾತು. ಆದರೆ ಆ ಹೂಡಿಕೆ ಇಲ್ಲಿ ವರ್ಷದ ಹತ್ತು ತಿಂಗಳು ದುಡಿಯುತ್ತದೆ. ಹಗಲು ತಯಾರಾದ ನೀರು ತೊಟ್ಟಿಯಲ್ಲೋ ಮಂಜುಗಡ್ಡೆಯಾಗಿಯೋ ಕೂಡಿರುವುದರಿಂದ ಬ್ಯಾಟರಿಯ ಖರ್ಚೂ ಇಲ್ಲ.

ಈ ವ್ಯವಸ್ಥೆಯ ಹಣ ಯಾರದು ಎಂಬಲ್ಲಿಗೆ ವಿವಾದ ಬಂದು ನಿಲ್ಲುತ್ತದೆ. ನೇತ್ರಾವತಿಯಲ್ಲಿ ನೀರು ಸಾಲದೆ ಬೇಸಿಗೆಗಳಲ್ಲಿ ಘಟಕಗಳನ್ನು ನಿಲ್ಲಿಸಬೇಕಾಗಿ ಬಂದ ಎಂಆರ್‌ಪಿಎಲ್ ತೈಲಾಗಾರ, ಮಂಗಳೂರಿನ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ನಿರ್ಲವಣೀಕರಣ ಘಟಕವನ್ನು ಕಟ್ಟಿಕೊಂಡಿದೆ. ನದಿಯ ನೀರಿನಿಂದ ಲಾಭ ಗಳಿಸುವವರು ಕಡಲಿಗೆ ಹೋಗಲಿ, ನದಿ ಊರಿಗೆ ಉಳಿಯಲಿ ಎಂಬ ಕ್ರಮ ಅದರಲ್ಲಿದೆ. ನಗರಕ್ಕೆ ಕಡಲ ನೀರು ಎಂಬ ಪ್ರಸ್ತಾಪ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ: ಅಗ್ಗದ ನೀರು ಉದ್ಯಮಕ್ಕೂ ರೆಸಾರ್ಟಿಗೂ, ದುಬಾರಿ ನೀರಿನ ಬಿಲ್ಲು ಮನೆಯವರಿಗೂ. ಬಂದರಿನ ಐಸ್ ಪ್ಲಾಂಟುಗಳೆಲ್ಲ ದೊಡ್ಡ ಬಂಡವಾಳದವಲ್ಲ ಎಂಬುದನ್ನು ಮರೆಯದೆ, ಮೀನುಗಾರಿಕೆ ಇಲಾಖೆಯೇ ಸಾಮೂಹಿಕ ಘಟಕಕ್ಕೆ ಬಂಡವಾಳ ಹಾಕಿ, ನಡೆಸುವ ಖರ್ಚನ್ನಷ್ಟೇ ಬಳಕೆದಾರರಿಂದ ಪಡೆಯುವುದು ನ್ಯಾಯವಾಗುತ್ತದೆ.

ಇಷ್ಟಾದರೂ ಮೀನುಗಾರರ ಸಂಶಯ ತೀರುವುದಿಲ್ಲ, ತೀರಬೇಕಾಗಿಯೂ ಇಲ್ಲ. ನೂರು ಲೀಟರ್ ಕಡಲ ನೀರಿನಿಂದ ಸಿಗುವುದು 40 ಲೀಟರ್ ಸಿಹಿನೀರು. ಉಳಿದ 60 ಲೀಟರಿನಲ್ಲಿ ಉಪ್ಪು ಲೀಟರಿಗೆ ಸುಮಾರು 58 ಗ್ರಾಂಗೆ ಏರಿರುತ್ತದೆ. ಈ ಗಾಢ ಉಪ್ಪುನೀರು ಭಾರವಾಗಿರುವುದರಿಂದ ತಳಕ್ಕಿಳಿದು, ಮರುವಾಯಿಯಂಥ ಚಿಪ್ಪುಜೀವಿಗಳ ಹಾಗೂ ದಡದ ಮರಿಮೀನುಗಳ ಮೇಲೆ, ಅಂದರೆ ಕೈರಂಪಣಿ ಮತ್ತು ನಾಡದೋಣಿಯವರ ಅನ್ನದ ಮೇಲೆ, ಮೊದಲು ಎರಗುತ್ತದೆ. ಸೌರಶಕ್ತಿ ಬಳಸಿದ ಮಾತ್ರಕ್ಕೆ ಆ ಉಪ್ಪು ಒಂದು ಗ್ರಾಮಿನಷ್ಟೂ ಕಡಿಮೆಯಾಗುವುದಿಲ್ಲ. ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಸುತ್ತ ಬಾವಿ ಮತ್ತು ಗದ್ದೆಗಳಿಗೆ ಉಪ್ಪು ಸೇರಿತೆಂಬ ದೂರುಗಳನ್ನು ಜನ ವರ್ಷಗಟ್ಟಲೆ ಹೊತ್ತು ತಿರುಗಿದ್ದಾರೆ. ಆ ಸ್ಥಾವರದ ಮಾಲಿನ್ಯದ ಪ್ರಕರಣದಲ್ಲಿ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಇದನ್ನು ಕಂಡ ಜಿಲ್ಲೆಯಲ್ಲಿ ‘ಏನೂ ಆಗುವುದಿಲ್ಲ’ ಎಂಬ ಭರವಸೆ ಯಾರ ಕಿವಿಗೂ ಇಳಿಯದು.

ಆದ್ದರಿಂದ ಮಲ್ಪೆಯಲ್ಲಿ ಘಟಕ ಬರುವುದಾದರೆ, ಡೀಸೆಲ್ ಪದರ ತೇಲುವ ಬಂದರಿನೊಳಗಿನ ನೀರನ್ನು ಬಿಟ್ಟು ಮರಳಿನಲ್ಲಿ ತೋಡಿದ ಬಾವಿಗಳಿಂದ ಕಡಲ ನೀರನ್ನು ಎತ್ತಬೇಕು. ಗಾಢ ಉಪ್ಪುನೀರನ್ನು ಅಳಿವೆಯಲ್ಲಿ ಬಿಡದೆ, ಅಲೆತಡೆಯ ಆಚೆ, ಸೆಳೆತವಿರುವ ಕಡೆ ಹಲವು ಬಾಯಿಗಳ ಕೊಳವೆಯಿಂದ ಚದುರಿಸಬೇಕು. ಹೊರಹರಿವಿನ ಉಪ್ಪಿನ ಅಳತೆಯನ್ನು ಧಕ್ಕೆಯ ಫಲಕದಲ್ಲಿ ದಿನವೂ ಬರೆಯಬೇಕು. ಅಳತೆ ಮಿತಿ ಮೀರಿದ ದಿನ ಘಟಕ ನಿಲ್ಲಿಸುವ ಅಧಿಕಾರ ನಾಡದೋಣಿಯವರೂ ಇರುವ ಸಮಿತಿಗೆ ಸಿಗಬೇಕು. ಇದಕ್ಕೆ ಒಪ್ಪದ ಗುತ್ತಿಗೆದಾರನಿಗೆ ಬಂದರಿನಲ್ಲಿ ಒಂದು ಸೆಂಟ್ಸ್ ಜಾಗವನ್ನೂ ಕೊಡಬೇಕಾಗಿಲ್ಲ.